ಹಳೇ ಟೆಕ್ಸ್ಟ್ ಅಡ್ವೆಂಚರ್ ಗೇಮ್: ಎಲ್ಲಿ ಹುಡುಕೋದು, ಯಾವ್ದಕ್ಕೆ ಟೈಮ್ ಕೊಡೋದು, ಹೇಗೆ ಬಿಡಿಸೋದು

ಹೋದ ಮಳೆಗಾಲದಲ್ಲಿ ನಾನು ಒಂದು ಬಾಗಿಲ ಮುಂದೆ ಹನ್ನೊಂದು ದಿನ ನಿಂತಿದ್ದೆ. ಮನೆ ಬಾಗಿಲಲ್ಲ, 1980ರ ದಶಕದ ಯಾವ್ದೋ ಬ್ರಿಟಿಷ್ ಕ್ಯಾಸೆಟ್ ಗೇಮಿನ ಬಾಗಿಲು. ಕೀ ಕೈಯಲ್ಲೇ ಇತ್ತು. ಓಪನ್ ಡೋರ್ ಅಂದೆ, ಆಗಲ್ಲ ಅಂತು. ಯೂಸ್ ಕೀ ಅಂದೆ, ಅರ್ಥ ಆಗ್ಲಿಲ್ಲ ಅಂತು. ಟರ್ನ್ ಕೀ, ಪುಶ್ ಡೋರ್, ಕಿಕ್ ಡೋರ್ ಎಲ್ಲಾ ಆಯ್ತು, ಸಿಟ್ಟಲ್ಲಿ ಎರಡು ಬೈಗುಳನೂ ಟೈಪ್ ಮಾಡಿದೆ, ಅದಕ್ಕೂ ಅರ್ಥ ಆಗ್ಲಿಲ್ಲ ಅಂತು. ಹನ್ನೆರಡನೇ ದಿನ ಇನ್ಸರ್ಟ್ ಕೀ ಅಂದ್ರೆ ತೆಗೀತು. ಒಳಗೆ ಏನಿತ್ತು ಅಂದ್ರೆ ಇನ್ನೊಂದು ಬಾಗಿಲು.

ಆ ಗೇಮ್ ಹೆಸರು ಹೇಳಲ್ಲ, ಬಿಡಿ. ಆದ್ರೆ ಅವತ್ತಿಂದ ಯಾವುದೇ ಹಳೇ ಗೇಮ್ ಶುರು ಮಾಡೋಕ್ ಮುಂಚೆ ಸ್ವಲ್ಪ ವಿಚಾರಿಸ್ಕೊಂಡು ಹೋಗೋ ಅಭ್ಯಾಸ ಮಾಡ್ಕೊಂಡಿದ್ದೀನಿ, ಹುಡುಗಿ ನೋಡೋಕ್ ಹೋಗೋ ಮುಂಚೆ ಊರಲ್ಲಿ ವಿಚಾರಿಸಲ್ವಾ ಹಂಗೆ. ಈ ತರ ಗೇಮ್‌ಗಳು ಸಾವಿರಗಟ್ಟಲೆ ಫ್ರೀಯಾಗಿ ಬಿದ್ದಿವೆ, ಅದ್ರಲ್ಲಿ ಬಹಳಷ್ಟು ಜೊಳ್ಳು. ಕಾಳು ಆರ್ಸೋದು ಹೇಗೆ ಅಂತ ಇಲ್ಲಿ ಬರೀತಿದ್ದೀನಿ.

ಮೊದ್ಲು ರುಚಿ ನೋಡಿ

ಈ ಜಾತಿ ಗೇಮ್ ಗೊತ್ತಿಲ್ದೇ ಇರೋರಿಗೆ ಒಂದ್ ಮಾತು. ಚಿತ್ರ ಇರಲ್ಲ. ನೀವು ಎಲ್ಲಿದ್ದೀರ, ಎದುರಿಗೆ ಏನಿದೆ ಅಂತ ಕಂಪ್ಯೂಟರ್ ನಾಲ್ಕು ಸಾಲು ಇಂಗ್ಲಿಷಲ್ಲಿ ಹೇಳುತ್ತೆ, ನೀವು ಗೋ ನಾರ್ತ್, ಟೇಕ್ ಲ್ಯಾಂಪ್ ಅಂತ ಟೈಪ್ ಮಾಡ್ತೀರ, ಅದು ಏನಾಯ್ತು ಅಂತ ಹೇಳುತ್ತೆ. ಅಷ್ಟೇ ಆಟ. ಒಂಥರಾ ಒಗಟಿನ ಸರಪಳಿ.

ಇದಕ್ಕೆಲ್ಲ ತಾಯಿಬೇರು ಅಡ್ವೆಂಚರ್ ಅನ್ನೋ ಗೇಮು. ವಿಲ್ ಕ್ರೌದರ್ ಅನ್ನೋ ಪ್ರೋಗ್ರಾಮರ್ 1970ರ ದಶಕದ ನಡುವಲ್ಲಿ ಅಮೆರಿಕದಲ್ಲಿ ಬರೆದಿದ್ದು, ಆತನಿಗೆ ಗುಹೆ ಹತ್ತಿ ಇಳಿಯೋ ಹುಚ್ಚು, ಕೆಂಟಕಿಯ ಮ್ಯಾಮತ್ ಕೇವ್ ಅನ್ನೋ ನಿಜವಾದ ಗುಹೆಯನ್ನೇ ತಂದು ಗೇಮಲ್ಲಿ ಕೂರಿಸಿದ, ಡೈವೋರ್ಸ್ ಆದ್ಮೇಲೆ ತನ್ನ ಹೆಣ್ಮಕ್ಕಳು ಆಡ್ಲಿ ಅಂತ ಬರೆದಿದ್ದಂತೆ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಡಾನ್ ವುಡ್ಸ್ ಅದನ್ನ ಬೆಳೆಸಿ ಇನ್ನಷ್ಟು ಖಜಾನೆ, ಕಡಲ್ಗಳ್ಳ ಎಲ್ಲಾ ಸೇರಿಸಿ 350 ಪಾಯಿಂಟಿನ ಗೇಮ್ ಮಾಡಿದ. ಕ್ರೌದರ್ ಬರೆದ ಮೂಲ ಕೋಡ್ ಕಳೆದೇ ಹೋಯ್ತು ಅಂತ ಎಲ್ಲರೂ ಅಂದ್ಕೊಂಡಿದ್ರು, 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದು ಹಳೇ ಬ್ಯಾಕಪ್‌ನಲ್ಲಿ ಸಿಕ್ತು.

ಲಿನಕ್ಸ್ ಇದ್ರೆ ನೀವು ಎಲ್ಲೂ ಹೋಗ್ಬೇಕಾಗಿಲ್ಲ. ಉಬುಂಟುನಲ್ಲಿ ಬಿಎಸ್‌ಡಿ ಗೇಮ್ಸ್ ಅನ್ನೋ ಪ್ಯಾಕೇಜ್ ಹಾಕ್ಕೊಂಡು ಟರ್ಮಿನಲ್ಲಲ್ಲಿ ಅಡ್ವೆಂಚರ್ ಅಂತ ಹೊಡೆದ್ರೆ ಶುರು. ನಾನು ಮೊದ್ಲು ನೋಡಿದ್ದು ಹಂಗೇ, ಇಂಜಿನಿಯರಿಂಗ್ ಲ್ಯಾಬಲ್ಲಿ, ಎದುರಿಗೆ ಸಿ ಪ್ರೋಗ್ರಾಮ್ ಓಪನ್ ಮಾಡಿಟ್ಕೊಂಡು, ದೂರದಿಂದ ನೋಡಿದ್ರೆ ಕೆಲಸ ಮಾಡ್ತಿರೋ ತರನೇ ಕಾಣುತ್ತೆ, ಅದೇ ಈ ಗೇಮ್‌ಗಳ ದೊಡ್ಡ ಲಾಭ. ಈಮ್ಯಾಕ್ಸ್ ಬಳಸೋರಾದ್ರೆ ಆಲ್ಟ್ ಎಕ್ಸ್ ಒತ್ತಿ ಡನ್ನೆಟ್ ಅಂತ ಟೈಪ್ ಮಾಡಿ, ಎಡಿಟರ್ ಒಳಗೇ ಒಂದು ಗೇಮ್ ಅಡಗಿ ಕೂತಿದೆ, ಮಣ್ಣು ರಸ್ತೆ ಕೊನೇಲಿ ಒಂದು ಗುದ್ದಲಿ ತರದ್ದು ಬಿದ್ದಿರುತ್ತೆ, ಅಲ್ಲಿಂದ ಶುರು, ಮುಂದೆ ಹೋದ್ರೆ ಗೇಮ್ ಒಳಗೆ ಇನ್ನೊಂದು ಯುನಿಕ್ಸ್ ಕಂಪ್ಯೂಟರ್ ಸಿಕ್ಕಿ ಅದಕ್ಕೆ ಲಾಗಿನ್ ಆಗ್ಬೇಕು.

ಅಡ್ವೆಂಚರ್ ಪೂರ್ತಿ ಮುಗಿಸಲೇಬೇಕು ಅಂತೇನಿಲ್ಲ. ಒಂದೆರಡು ಗಂಟೆ ಆಡಿ. ಪಂಜರ, ಹಕ್ಕಿ, ಹಾವು ಇವುಗಳ ಒಗಟು ಬಿಡಿಸಿ, ಸಾಧ್ಯ ಆದ್ರೆ ಡ್ರ್ಯಾಗನ್ ತನಕ ಹೋಗಿ. ಡ್ರ್ಯಾಗನ್ ಕೊಲ್ಲು ಅಂದಾಗ ಗೇಮ್ ನಿಮ್ಮನ್ನ ಅಣಕಿಸೋ ತರ ಒಂದು ಮಾತು ಕೇಳುತ್ತೆ, ಅದನ್ನ ಅಣಕ ಅಂತ ಬಿಟ್ಬಿಡದೆ ನಿಜವಾಗ್ಲೂ ಉತ್ತರ ಕೊಟ್ಟು ನೋಡಿ. ಅಲ್ಲಿ ನಗು ಬಂದ್ರೆ ನೀವು ಈ ದಾರಿಗೆ ಬಿದ್ರಿ ಅಂತ ಅರ್ಥ. ಬರಿಯ ಕಿರಿಕಿರಿ ಆದ್ರೆ ಬೇರೆ ಹವ್ಯಾಸ ನೋಡ್ಕೊಳ್ಳಿ, ತಪ್ಪೇನಿಲ್ಲ.

ಕ್ಯಾಸೆಟ್ಟು ಬೇರೆ, ಟೇಪ್ ರೆಕಾರ್ಡರ್ ಬೇರೆ

ಹೊಸಬರು ಎಡವೋದು ಇಲ್ಲೇ. ಗೇಮ್ ಡೌನ್‌ಲೋಡ್ ಮಾಡ್ತಾರೆ, ಡಬಲ್ ಕ್ಲಿಕ್ ಮಾಡ್ತಾರೆ, ಏನೂ ಓಪನ್ ಆಗಲ್ಲ, ವೈರಸ್ ಇರ್ಬೇಕು ಅಂತ ಡಿಲೀಟ್ ಮಾಡ್ತಾರೆ.

ಕತೆ ಏನಂದ್ರೆ, 1979ರಲ್ಲಿ ಎಂಐಟಿ ಹುಡುಗರು ಸೇರ್ಕೊಂಡು ಇನ್ಫೋಕಾಮ್ ಅಂತ ಕಂಪನಿ ಮಾಡಿದ್ರು. ಅವರ ಹತ್ರ ಜೋರ್ಕ್ ಅನ್ನೋ ದೊಡ್ಡ ಗೇಮ್ ಇತ್ತು. ಆಗ ಮಾರ್ಕೆಟ್ಟಲ್ಲಿ ಆಪಲ್, ಟಿಆರ್‌ಎಸ್-80, ಅಟಾರಿ, ಕಮೊಡೋರ್ ಅಂತ ಹತ್ತಾರು ಕಂಪ್ಯೂಟರ್, ಒಂದಕ್ಕೆ ಬರೆದಿದ್ದು ಇನ್ನೊಂದರಲ್ಲಿ ಓಡಲ್ಲ. ಪ್ರತಿ ಮಶೀನಿಗೂ ಪ್ರತಿ ಗೇಮ್ ಹೊಸದಾಗಿ ಬರೆಯೋ ಬದಲು ಕಾಲ್ಪನಿಕವಾದ ಒಂದು ಮಶೀನ್ ಯೋಚನೆ ಮಾಡಿ ಅದಕ್ಕೆ ಜಡ್ ಮಶೀನ್ ಅಂತ ಹೆಸರಿಟ್ರು. ಗೇಮ್‌ಗಳನ್ನೆಲ್ಲ ಅದಕ್ಕೇ ಬರೆಯೋದು, ಆ ಮಶೀನ್ ತರ ನಟಿಸೋ ಸಣ್ಣ ಪ್ರೋಗ್ರಾಮ್ ಒಂದನ್ನ ಮಾತ್ರ ಪ್ರತಿ ಕಂಪ್ಯೂಟರಿಗೂ ಮಾಡೋದು. ಆ ಐಡಿಯಾದಿಂದಾನೇ ಇವತ್ತು ನಿಮ್ಮ ಮೊಬೈಲಲ್ಲಿ 1980ರ ಗೇಮ್ ಒಂದಕ್ಷರ ಬದಲಾಗದೆ ಓಡೋದು.

ಹಂಗಾಗಿ ನಿಮಗೆ ಎರಡು ಬೇಕು: ಕ್ಯಾಸೆಟ್ ತರ ಗೇಮ್ ಫೈಲು, ಅದನ್ನ ನುಡಿಸೋ ಟೇಪ್ ರೆಕಾರ್ಡರ್ ತರ ಇಂಟರ್‌ಪ್ರಿಟರ್, ಅಂದ್ರೆ ಆ ನಟಿಸೋ ಸಣ್ಣ ಪ್ರೋಗ್ರಾಮ್. ಫೈಲ್ ಹೆಸರಿನ ಕೊನೇಲಿ ಜಡ್3, ಜಡ್5, ಜಡ್8 ಅಂತಿದ್ರೆ ಫ್ರಾಟ್ಜ್ ಸಾಕು. ಬೇರೆ ಬೇರೆ ಜಾತಿ ಫೈಲ್ ಎಲ್ಲಾ ಒಂದೇ ಕಡೆ ಓಡ್ಬೇಕು ಅಂದ್ರೆ ಕಂಪ್ಯೂಟರಿಗೆ ಗಾರ್ಗಾಯ್ಲ್ ಹಾಕ್ಕೊಳ್ಳಿ, ಮ್ಯಾಕ್ ಇದ್ರೆ ಸ್ಪ್ಯಾಟರ್‌ಲೈಟ್, ಆಂಡ್ರಾಯ್ಡ್‌ಗೆ ಫ್ಯಾಬ್ಯುಲೇರಿಯಮ್. ಏನೂ ಇನ್‌ಸ್ಟಾಲ್ ಮಾಡೋಕೆ ಸೋಮಾರಿತನ ಅಂದ್ರೆ ಪಾರ್ಚ್‌ಮೆಂಟ್ ಅಂತಿದೆ, ಬ್ರೌಸರಲ್ಲೇ ಆಡಬಹುದು. ಸ್ಕಾಟ್ ಆಡಮ್ಸ್ ಅನ್ನೋರು 1978ರಿಂದ ಬರೆದ ಪುಟಾಣಿ ಗೇಮ್‌ಗಳಿಗೆ ಸ್ಕಾಟ್‌ಫ್ರೀ ಅಂತ ಬೇರೆ ಇಂಟರ್‌ಪ್ರಿಟರ್ ಇದೆ, ಬರೆದಿದ್ದು ಲಿನಕ್ಸ್ ಕರ್ನಲ್‌ನ ಅಲನ್ ಕಾಕ್ಸ್! ಆ ಗೇಮ್‌ಗಳು ಎರಡೇ ಪದ ಕೇಳೋದು, ಅದರಲ್ಲೂ ಅಡ್ವೆಂಚರ್‌ಲ್ಯಾಂಡ್ ಪ್ರತಿ ಪದದ ಮೊದಲ ಮೂರಕ್ಷರ ಮಾತ್ರ ಓದುತ್ತೆ, ಹಂಗಾಗಿ ಸ್ಪೆಲಿಂಗ್ ಬರದೇ ಇರೋರಿಗೆ ಸ್ವರ್ಗ.

ಎಲ್ಲಿ ಹುಡುಕೋದು

ಮೂರು ಜಾಗ ಗೊತ್ತಿದ್ರೆ ಸಾಕು.

ಒಂದು ಐಎಫ್ ಆರ್ಕೈವ್ (ಐಎಫ್ ಅಂದ್ರೆ ಇಂಟರಾಕ್ಟಿವ್ ಫಿಕ್ಷನ್, ಈ ಜಾತಿ ಗೇಮಿಗೆ ಇನ್ನೊಂದು ಹೆಸರು), 1992ರಲ್ಲಿ ಜರ್ಮನಿಯ ಒಂದು ಸರ್ವರಲ್ಲಿ ಶುರುವಾದ ಉಗ್ರಾಣ. ಫೈಲ್ ಎಲ್ಲಾ ಇರೋದು ಇಲ್ಲಿ, ಆದ್ರೆ ಉಗ್ರಾಣಕ್ಕೆ ನೇರ ನುಗ್ಗಿದ್ರೆ ಯಾವ ಡಬ್ಬದಲ್ಲಿ ಬೇಳೆ, ಯಾವ್ದ್ರಲ್ಲಿ ಇಲಿ ಪಾಷಾಣ ಗೊತ್ತಾಗಲ್ಲ. ಎರಡನೇದು ಐಎಫ್‌ಡಿಬಿ, ಗೇಮ್‌ಗಳ ಪಟ್ಟಿ, ಸ್ಟಾರ್, ರಿವ್ಯೂ ಎಲ್ಲಾ ಇರೋ ಜಾಗ, 2007ರಿಂದ ಇದೆ. ಮೂರನೇದು ಕಾಸಾ, ಪೂರ್ತಿ ಹೆಸರು ಕ್ಲಾಸಿಕ್ ಅಡ್ವೆಂಚರ್ಸ್ ಸೊಲ್ಯೂಶನ್ ಆರ್ಕೈವ್, ಹಳೇ ಹೋಮ್ ಕಂಪ್ಯೂಟರ್ ಗೇಮ್‌ಗಳ ಉತ್ತರ, ಮ್ಯಾಪು ಕೂಡಿಡೋರು. ಈ ಕಾಸಾ ನಮಗೆ ಆಮೇಲೆ ಬೇಕಾಗುತ್ತೆ, ನೆನಪಲ್ಲಿರ್ಲಿ.

ಐಎಫ್‌ಡಿಬಿಲಿ ಸ್ಟಾರ್ ನೋಡಿ ಮರುಳಾಗ್ಬೇಡಿ. ಇಬ್ಬರೇ ಓಟ್ ಹಾಕಿರೋ ಐದು ಸ್ಟಾರ್‌ಗಿಂತ ನೂರು ಜನ ಹಾಕಿರೋ ನಾಲ್ಕು ಸ್ಟಾರ್ ಮೇಲು, ಹೋಟೆಲ್ ಆರಿಸೋ ತರನೇ. ನಾನು ಮೊದ್ಲು ಓದೋದು ಎರಡು ಸ್ಟಾರ್ ರಿವ್ಯೂಗಳನ್ನ. ಹೊಗಳೋರು ಎಲ್ಲಾ ಗೇಮನ್ನೂ ಒಂದೇ ತರ ಹೊಗಳ್ತಾರೆ, ಬೈಯೋರು ಮಾತ್ರ ಸರಿಯಾಗಿ ಎಲ್ಲಿ ನೋವಾಯ್ತು ಅಂತ ಹೇಳ್ತಾರೆ. ಪಜಲ್ ಕಷ್ಟ ಅಂತ ಬೈದಿದ್ರೆ ನನಗೆ ಆಸೆ ಜಾಸ್ತಿ ಆಗುತ್ತೆ, ಸರಿಯಾದ ವರ್ಬ್ ಸಿಗಲ್ಲ ಅಂತ ಬೈದಿದ್ರೆ ಆ ಕಡೆ ತಲೆನೂ ಹಾಕಲ್ಲ, ಹನ್ನೊಂದು ದಿನದ ಬಾಗಿಲು ಸಾಕು.

ಇನ್ನೊಂದು, ಗೇಮಿನ ಪುಟದಲ್ಲಿ ಅದು ಎಷ್ಟು ಕ್ಷಮಿಸುತ್ತೆ ಅನ್ನೋದಕ್ಕೂ ಒಂದು ಅಳತೆ ಇರುತ್ತೆ. ಇದನ್ನ ಮಾಡಿದ್ದು ಆಂಡ್ರ್ಯೂ ಪ್ಲಾಟ್ಕಿನ್, ಸ್ವತಃ ದೊಡ್ಡ ಗೇಮ್ ರೈಟರ್. ಐದು ಮೆಟ್ಟಿಲು. ಮರ್ಸಿಫುಲ್ ಅಂದ್ರೆ ನೀವು ಸಿಕ್ಕಿಹಾಕ್ಕೊಳ್ಳೋದೇ ಇಲ್ಲ. ಪೊಲೈಟ್ ಅಂದ್ರೆ ಸಾಯಬಹುದು ಆದ್ರೆ ತಕ್ಷಣ ಗೊತ್ತಾಗುತ್ತೆ. ಟಫ್ ಅಂದ್ರೆ ತಪ್ಪು ಮಾಡೋಕ್ ಮುಂಚೆನೇ ಇದು ಅಪಾಯ ಅಂತ ಸುಳಿವು ಸಿಗುತ್ತೆ. ನ್ಯಾಸ್ಟಿ ಅಂದ್ರೆ ಮಾಡಿದ್ಮೇಲೆ ಗೊತ್ತಾಗುತ್ತೆ. ಕ್ರೂಯೆಲ್ ಅಂದ್ರೆ ಗೊತ್ತೇ ಆಗಲ್ಲ, ನೀವು ಸೋತು ಮೂರು ದಿನ ಆಗಿದ್ರೂ ಆರಾಮಾಗಿ ಓಡಾಡ್ತಾ ಇರ್ತೀರ. 1984ರ ಹಿಚ್‌ಹೈಕರ್ಸ್ ಗೈಡ್ ಗೇಮ್ ಇದಕ್ಕೆ ಒಳ್ಳೇ ಉದಾಹರಣೆ, ಡಗ್ಲಸ್ ಆಡಮ್ಸ್ ತಾವೇ ಸ್ಟೀವ್ ಮೆರೆಟ್ಸ್‌ಕಿ ಜೊತೆ ಕೂತು ಬರೆದಿದ್ದು, ಶುರುವಲ್ಲಿ ಭೂಮಿ ಮೇಲೆ ಒಂದು ನಾಯಿಗೆ ಸ್ಯಾಂಡ್‌ವಿಚ್ ಹಾಕಿಲ್ಲ ಅಂದ್ರೆ ಅದರ ಫಲ ಎಷ್ಟೋ ಹೊತ್ತಾದ್ಮೇಲೆ ಅನುಭವಿಸ್ತೀರ, ಅಷ್ಟೊತ್ತಿಗೆ ಭೂಮಿನೇ ಇರಲ್ಲ ವಾಪಸ್ ಹೋಗೋಕೆ. (ಸ್ಪಾಯ್ಲರ್ ಕೊಟ್ಟಿದ್ದಕ್ಕೆ ಸಾರಿ, ಆದ್ರೆ ನಲವತ್ತು ವರ್ಷ ಆಯ್ತು, ನಾಯಿ ಹೊಟ್ಟೆ ತುಂಬ್ಲಿ.)

ಮೊದಲ ಗೇಮಿಗೆ ಪೊಲೈಟ್ ಅಥವಾ ಅದಕ್ಕಿಂತ ಸಾಧು ನೋಡ್ಕೊಳ್ಳಿ.

ಯಾವ್ದ್ರಿಂದ ಶುರು ಮಾಡೋದು

ಇನ್ಫೋಕಾಮ್ ಅವರದ್ದು ಮೂವತ್ತಕ್ಕೂ ಜಾಸ್ತಿ ಗೇಮ್ ಇದೆ, ಎಲ್ಲರೂ ಜೋರ್ಕ್ ಒಂದರಿಂದ ಶುರು ಮಾಡಿ ಅಂತಾರೆ. ಬಿಳಿ ಮನೆ, ಮುಂದೆ ಅಂಚೆ ಡಬ್ಬ, ಒಳಗೆ ಕಂಬಳಿ ಅಡಿ ಗುಪ್ತ ಬಾಗಿಲು, ಆ ವಾತಾವರಣಕ್ಕೆ ಸಾಟಿ ಇಲ್ಲ ನಿಜ. ಆದ್ರೆ ನಿಮ್ಮ ಸಾಮಾನು ಕದಿಯೋ ಕಳ್ಳ, ಆರಿಹೋಗೋ ದೀಪ, ದಾರಿ ತಪ್ಪಿಸೋ ಮೇಜ್ (ಚಕ್ರವ್ಯೂಹ) ಇವೆಲ್ಲ ಸೇರಿ ಮೊದಲನೇ ಸಲಕ್ಕೆ ಸ್ವಲ್ಪ ಹೆಚ್ಚೇ ಆಗುತ್ತೆ ಅಂತ ನನ್ನ ಅಭಿಪ್ರಾಯ. 1985ರ ವಿಶ್‌ಬ್ರಿಂಗರ್ ನೋಡಿ, ಹೊಸಬರಿಗೆ ಅಂತ್ಲೇ ಬರೆದಿದ್ದು, ಅದ್ರಲ್ಲಿ ಒಂದು ಮಾಯಾ ಕಲ್ಲು ಸಿಗುತ್ತೆ, ಪಜಲ್ ಬಿಡಿಸೋಕಾಗ್ಲಿಲ್ಲ ಅಂದ್ರೆ ಆ ಕಲ್ಲಿಗೆ ವರ ಕೇಳಿ ದಾಟಬಹುದು. ಅದನ್ನ ಬರೆದ ಬ್ರಯನ್ ಮೊರಿಯಾರ್ಟಿನೇ ಮಾರನೇ ವರ್ಷ ಟ್ರಿನಿಟಿ ಅಂತ ಬರೆದ್ರು, ಅಣುಬಾಂಬಿನ ಬಗ್ಗೆ, ನನ್ನ ಲೆಕ್ಕದಲ್ಲಿ ಆ ಕಂಪನಿಯ ಬೆಸ್ಟ್ ಅದೇ, ಆದ್ರೆ ನಾಲ್ಕೈದು ಗೇಮ್ ಮುಗಿಸಿದ್ಮೇಲೆ ಮುಟ್ಟಿ.

ಹಳೇ ಇನ್ಫೋಕಾಮ್ ಆಡೋರು ಮರೆಯೋ ವಿಷಯ: ಪೆಟ್ಟಿಗೆ ಒಳಗಿದ್ದ ಕಾಗದ. ಮ್ಯಾಪ್, ಪತ್ರ, ಬ್ರೋಷರ್, ಇವಕ್ಕೆ ಫೀಲೀಸ್ ಅಂತಾರೆ. ಬರೀ ಅಲಂಕಾರಕ್ಕಲ್ಲ, ಕಾಪಿ ಹೊಡೆಯೋರನ್ನ ತಡೆಯೋಕೂ ಬಳಸ್ತಿದ್ರು. 1982ರ ಸ್ಟಾರ್‌ಕ್ರಾಸ್‌ನಲ್ಲಿ ಶುರುವಲ್ಲೇ ಹಡಗಿನ ಕಂಪ್ಯೂಟರ್ ಎಲ್ಲಿಗೆ ಹೋಗ್ಬೇಕು ಅಂತ ಅಂಕಿ ಕೇಳುತ್ತೆ, ಆ ಅಂಕಿ ಇರೋದು ಪೆಟ್ಟಿಗೆಯ ಮ್ಯಾಪಲ್ಲಿ, ಗೇಮಲ್ಲಿ ಎಷ್ಟು ತಡಕಾಡಿದ್ರೂ ಸಿಗಲ್ಲ. ಗೇಮ್ ಫೈಲ್ ಜೊತೆ ಸ್ಕ್ಯಾನ್ ಮಾಡಿದ ಪಿಡಿಎಫ್‌ನೂ ಮೊದ್ಲೇ ಹುಡುಕಿ ಇಟ್ಕೊಳ್ಳಿ, ಇಲ್ಲಾಂದ್ರೆ ಪಜಲ್ ಅಂದ್ಕೊಂಡು ಗೋಡೆಗೆ ತಲೆ ಚಚ್ಕೊಳ್ತಿರ್ತೀರ.

2025ರ ನವೆಂಬರಲ್ಲಿ ಮೈಕ್ರೋಸಾಫ್ಟ್ ಜೋರ್ಕ್ 1, 2, 3ರ ಸೋರ್ಸ್ ಕೋಡನ್ನ ಎಂಐಟಿ ಲೈಸೆನ್ಸಲ್ಲಿ ಓಪನ್ ಮಾಡ್ತು. ಎಂಐಟಿಲಿ ಹುಟ್ಟಿದ ಗೇಮು ಸುತ್ತಾಡಿ ಸುತ್ತಾಡಿ ಎಂಐಟಿ ಹೆಸರಿಗೇ ಬಂತು.

1989ರಲ್ಲಿ ಇನ್ಫೋಕಾಮ್ ಮುಚ್ಚಿತು. ಆಮೇಲೆ ಬಂದಿದ್ದು ಹವ್ಯಾಸಿಗಳ ಕಾಲ, 1993ರಲ್ಲಿ ಗ್ರಹಾಮ್ ನೆಲ್ಸನ್ ಇನ್ಫಾರ್ಮ್ ಅನ್ನೋ ಗೇಮ್ ಬರೆಯೋ ಟೂಲ್ ಮಾಡಿ ಕರ್ಸಸ್ ಅನ್ನೋ ಗೇಮನ್ನೂ ಬಿಟ್ರು, ಅಲ್ಲಿಂದ ಫ್ರೀ ಗೇಮ್‌ಗಳ ಸುಗ್ಗಿ. ಇಲ್ಲಿ ಆರ್ಸೋದು ಸುಲಭ ಯಾಕಂದ್ರೆ ರಿವ್ಯೂ ಬೇಕಾದಷ್ಟಿದೆ. ಹೆದರಿಕೆ ಇಷ್ಟ ಅಂದ್ರೆ 1998ರ ಆಂಕರ್‌ಹೆಡ್. ನಗಬೇಕು ಅಂದ್ರೆ 2007ರ ಲಾಸ್ಟ್ ಪಿಗ್, ಕಳೆದುಹೋದ ಹಂದಿ ಹುಡುಕೋ ದಡ್ಡ ಓರ್ಕ್ ರಾಕ್ಷಸನ ಕತೆ, ಒಂದು ಸಂಜೆಗೆ ಮುಗಿಯುತ್ತೆ, ಏನೇ ಅಸಂಬದ್ಧ ಟೈಪ್ ಮಾಡಿದ್ರೂ ಅದಕ್ಕೊಂದು ಉತ್ತರ ಇದೆ. ಒಗಟೇ ಬೇಕು ಅಂದ್ರೆ ಪ್ಲಾಟ್ಕಿನ್‌ನ ಸ್ಪೈಡರ್ ಅಂಡ್ ವೆಬ್, ಅದರ ಬಗ್ಗೆ ಒಂದಕ್ಷರನೂ ಓದದೆ ಆಡಿ.

ಯಾರೂ ಬಿಡಿಸದೇ ಇರೋ ಗೇಮ್ ಬೇಕಾ?

ನನಗೆ ನಿಜವಾದ ಮಜಾ ಇರೋದು ಇಲ್ಲಿ. ಉತ್ತರ ನೆಟ್ಟಲ್ಲಿ ಇದೆ ಅಂತ ಗೊತ್ತಿದ್ರೆ ಕೈ ತಡೆಯಲ್ಲ, ಎಲ್ಲೂ ಇಲ್ಲ ಅಂತ ಗೊತ್ತಿದ್ರೆ ಮನಸ್ಸು ಬೇರೆ ತರ ಕೆಲಸ ಮಾಡುತ್ತೆ.

ಇಂಥವು ಜಾಸ್ತಿ ಸಿಗೋದು ಬ್ರಿಟನ್‌ನ ಜಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಹಳೇ ಹೋಮ್ ಕಂಪ್ಯೂಟರಲ್ಲಿ. 1983ರಲ್ಲಿ ಗಿಲ್‌ಸಾಫ್ಟ್ ಅನ್ನೋ ಕಂಪನಿ ದಿ ಕ್ವಿಲ್ ಅಂತ ಒಂದು ಸಾಫ್ಟ್‌ವೇರ್ ಬಿಡ್ತು, ಗ್ರೇಮ್ ಯೀಂಡಲ್ ಬರೆದಿದ್ದು, ಪ್ರೋಗ್ರಾಮಿಂಗ್ ಬರದೇ ಇದ್ರೂ ಅಡ್ವೆಂಚರ್ ಗೇಮ್ ಮಾಡಬಹುದಿತ್ತು. ಮಾಡಿದ್ರು ನೋಡಿ, ಸ್ಕೂಲ್ ಹುಡುಗರು, ರಿಟೈರ್ ಆದೋರು, ಮನೇಲೇ ಕ್ಯಾಸೆಟ್ ಕಾಪಿ ಮಾಡಿ ಪೋಸ್ಟಲ್ಲಿ ಮಾರೋದು. ಜನ ಜಾಸ್ತಿ ಆಡದ ಇಂಥ ಕ್ಯಾಸೆಟ್‌ಗಳಲ್ಲಿ ಕೆಲವಕ್ಕೆ ಉತ್ತರ ಯಾರೂ ಬರೆದಿಟ್ಟೇ ಇಲ್ಲ.

ಹುಡುಕೋ ಕ್ರಮ ಹೀಗೆ. ಕಾಸಾದಲ್ಲಿ ಪ್ರತಿ ಗೇಮಿನ ಪುಟದಲ್ಲೂ ಸೊಲ್ಯೂಶನ್ ಇದ್ಯಾ, ಮ್ಯಾಪ್ ಇದ್ಯಾ ಅಂತ ತೋರ್ಸುತ್ತೆ. ಇಲ್ದೇ ಇರೋವನ್ನ ಒಂದು ಹತ್ತು ಬರ್ಕೊಳ್ಳಿ. ಆಮೇಲೆ ಅದೇ ಹೆಸರನ್ನ ಸ್ಪೆಕ್ಟ್ರಮ್ ಕಂಪ್ಯೂಟಿಂಗ್ ಸೈಟಲ್ಲಿ ಹುಡುಕಿ ಫೈಲ್ ಇದ್ಯಾ ನೋಡಿ, ಹೆಸರು ಮಾತ್ರ ಉಳಿದು ಕ್ಯಾಸೆಟ್ಟೇ ಕಳೆದುಹೋಗಿರೋವೂ ಇವೆ. ಫೈಲ್ ಸಿಕ್ರೆ ಸ್ಪೆಕ್ಟ್ರಮ್ ತರ ನಟಿಸೋ ಫ್ಯೂಸ್ ಅನ್ನೋ ಎಮ್ಯುಲೇಟರಲ್ಲಿ ಓಡುತ್ತೆ. ಜೊತೆಗೆ ಕ್ರ್ಯಾಶ್, ಯುವರ್ ಸಿಂಕ್ಲೇರ್ ಪತ್ರಿಕೆಗಳ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವಲ್ಲಿದೆ, ಅವುಗಳ ಅಡ್ವೆಂಚರ್ ಕಾಲಂ ನೋಡಿ, ಆ ಕಾಲದ ಆಟಗಾರ ಏನಂದ ಅಂತ ತಿಳಿಯುತ್ತೆ, ಎಷ್ಟೋ ಸಲ ಪುಟದ ಮೂಲೆಲಿ ಒಂದು ಸಾಲಿನ ಸುಳಿವೂ ಸಿಗುತ್ತೆ.

ಫೈಲ್ ಓಡಿದ ತಕ್ಷಣ ಹದಿನೈದು ನಿಮಿಷದ ಪರೀಕ್ಷೆ ಮಾಡಿ. ಮೊದಲ ರೂಮಿನ ವಿವರಣೆಲಿ ಏನೇನು ಹೆಸರು ಬಂದಿದೆಯೋ ಎಲ್ಲವನ್ನೂ ಎಕ್ಸಾಮಿನ್ ಮಾಡಿ. ಮರ ಇದೆ ಅಂತ ಗೇಮೇ ಹೇಳಿ, ಎಕ್ಸಾಮಿನ್ ಟ್ರೀ ಅಂದ್ರೆ ಮರ ಅಂದ್ರೇನು ಅಂತ ಕೇಳಿದ್ರೆ ಒಂದು ಮೈನಸ್. ಟೇಕ್ ಮತ್ತೆ ಗೆಟ್ ಎರಡೂ ಅರ್ಥ ಆಗುತ್ತಾ, ಲ್ಯಾಂಪ್ ಮತ್ತೆ ಲ್ಯಾಂಟರ್ನ್ ಎರಡೂ ಒಂದೇ ಅಂತ ಗೊತ್ತಾ ನೋಡಿ. ಉತ್ತರಕ್ಕೆ ಹೋಗಿ ಆಮೇಲೆ ದಕ್ಷಿಣಕ್ಕೆ ಬಂದ್ರೆ ಅದೇ ಜಾಗಕ್ಕೆ ವಾಪಸ್ ಬರ್ತೀರಾ? ಸುಳಿವೇ ಇಲ್ದೆ ಐದು ನಿಮಿಷದಲ್ಲಿ ಎರಡು ಸಲ ಸತ್ರಾ? ಮೂರು ಮೈನಸ್ ಆದ್ರೆ ಮುಚ್ಚಿ ಮುಂದಿನ ಗೇಮಿಗೆ ಹೋಗಿ, ಅದನ್ನ ಯಾರೂ ಬಿಡಿಸಿಲ್ಲ ಅಂದ್ರೆ ಕಾರಣ ಇರುತ್ತೆ. ನನ್ನ ಹತ್ತರಲ್ಲಿ ಎಂಟು ಹೀಗೇ ಹೋಗುತ್ತೆ, ಉಳಿದ ಎರಡಕ್ಕೋಸ್ಕರನೇ ಇಷ್ಟೆಲ್ಲ.

ಕೂತು ಬಿಡಿಸೋದು

ಮ್ಯಾಪ್ ಬರೀರಿ. ಟ್ರಿಜ್‌ಬಾರ್ಟ್ ಅಂತ ಸಾಫ್ಟ್‌ವೇರ್ ಇದೆ, ನಾನು ಮಕ್ಕಳ ಹಳೇ ನೋಟ್‌ಬುಕ್ ಹಿಂದಿನ ಹಾಳೆ ಬಳಸ್ತೀನಿ. ಒಂದು ರೂಮಿಗೆ ಒಂದು ಚೌಕ, ಗೆರೆ ಮೇಲೆ ದಿಕ್ಕು, ಟ್ರೈ ಮಾಡದ ದಿಕ್ಕಿಗೆ ಅರ್ಧ ಗೆರೆ. ಸಿಕ್ಕಾಪಟ್ಟೆ ಸಿಕ್ಕಿಹಾಕ್ಕೊಂಡಾಗ ಆ ಅರ್ಧ ಗೆರೆಗಳೇ ಕೈ ಹಿಡಿಯೋದು. ಎಲ್ಲಾ ರೂಮೂ ಒಂದೇ ತರ ಇರೋ ಮೇಜ್ ಬಂದ್ರೆ ಕೈಲಿರೋ ಸಾಮಾನು ಒಂದೊಂದು ರೂಮಲ್ಲಿ ಒಂದೊಂದು ಬೀಳಿಸ್ತಾ ಹೋಗಿ, ಯಾವ ರೂಮು ಯಾವ್ದು ಅಂತ ಗುರುತು ಸಿಗುತ್ತೆ, 1977ರಿಂದ ನಡೀತಿರೋ ಉಪಾಯ ಇದು.

ಎರಡನೇ ಹಾಳೆಲಿ ಎರಡು ಪಟ್ಟಿ. ಎಡಕ್ಕೆ ಕೆಲಸ ಸಿಗದ ಸಾಮಾನು, ಬಲಕ್ಕೆ ಬಿಡಿಸದ ತೊಂದರೆ. ದಿನಾ ಒಂದ್ಸಲ ಎರಡನ್ನೂ ಎದುರುಬದುರು ಇಟ್ಟು ನೋಡಿ. ಮೂರನೇ ಪಟ್ಟಿ ವರ್ಬ್‌ಗಳದ್ದು, ಯಾವ ಪದಕ್ಕೆ ಗೊತ್ತಿಲ್ಲ ಅಂತು, ಯಾವ್ದಕ್ಕೆ ಈಗ ಆಗಲ್ಲ ಅಂತು. ಈ ಎರಡು ಉತ್ತರ ಬೇರೆ ಬೇರೆ, ಆಗಲ್ಲ ಅಂದ್ರೆ ಪದ ಗೇಮಿಗೆ ಗೊತ್ತು, ಬೇರೆಲ್ಲೋ ಬೇಕಾಗುತ್ತೆ ಅಂತ. ನನ್ನ ಬಾಗಿಲು ತೆಗೆದಿದ್ದೂ ಹಂಗೇ, ಎಲ್ಲೋ ಒಂದು ಕಡೆ ಸುಮ್ನೆ ಇನ್ಸರ್ಟ್ ಅಂದಾಗ ಅದು ಗೊತ್ತಿಲ್ಲ ಅನ್ನಲಿಲ್ಲ, ಅವತ್ತೇ ಬರೆದಿಟ್ಟಿದ್ರೆ ಹತ್ತು ದಿನ ಉಳೀತಿತ್ತು.

ಸೇವ್ ಮಾಡ್ತಾ ಇರಿ, ಒಂದರ ಮೇಲೆ ಒಂದು ಹಾಕ್ಬೇಡಿ, ಬೇರೆ ಬೇರೆ ಹೆಸರಲ್ಲಿ. 1980ರ ದಶಕದ ಶುರುವಿನ ಗೇಮ್‌ಗಳಲ್ಲಿ ಅನ್‌ಡೂ ಇರಲ್ಲ. ಹೊಸವುಗಳಲ್ಲಿ ಎಕ್ಸ್ ಅಂದ್ರೆ ಎಕ್ಸಾಮಿನ್, ಐ ಅಂದ್ರೆ ಕೈಲಿರೋ ಸಾಮಾನು, ಎಲ್ ಅಂದ್ರೆ ಲುಕ್, ಜಡ್ ಅಂದ್ರೆ ಸುಮ್ನೆ ಕಾಯೋದು, ಹಳೇವಕ್ಕೆ ಪೂರ್ತಿ ಪದ ಹೊಡೀಬೇಕಾಗಬಹುದು. ಇಂಟರ್‌ಪ್ರಿಟರ್ ಗೇಮ್‌ಗಳಲ್ಲಿ ಶುರುವಲ್ಲೇ ಸ್ಕ್ರಿಪ್ಟ್ ಅಂತ ಕೊಟ್ರೆ ನೀವು ಆಡಿದ್ದೆಲ್ಲ ಫೈಲಿಗೆ ಬೀಳುತ್ತೆ.

ಸುಳಿವು ತಗೊಳ್ಳೋದು ಅವಮಾನ ಅಲ್ಲ, ಅಜ್ಜಿ ಒಗಟು ಹೇಳಿದಾಗ ನಾವು ಒಂಚೂರು ಹೇಳಜ್ಜಿ ಅಂತ ಕೇಳ್ತಿರಲಿಲ್ವಾ, ಅಜ್ಜಿನೂ ಪೂರ್ತಿ ಹೇಳ್ತಿರಲಿಲ್ಲ. ಇನ್ಫೋಕಾಮ್ ಅವರು ಇದನ್ನೇ ಪುಸ್ತಕ ಮಾಡಿ ಮಾರಿದ್ರು, ಇನ್ವಿಸಿಕ್ಲೂಸ್ ಅಂತ, ಉತ್ತರ ಎಲ್ಲಾ ಕಾಣದ ಇಂಕಲ್ಲಿ, ಜೊತೆಗೆ ಕೊಟ್ಟ ಮಾರ್ಕರ್ ಉಜ್ಜಿದ್ರೆ ಒಂದೊಂದೇ ಸುಳಿವು ಮೂಡೋದು. ಈಗ ಅವು ನೆಟ್ಟಲ್ಲೂ ಇವೆ, ಪೂರ್ತಿ ವಾಕ್‌ಥ್ರೂ (ಶುರುವಿಂದ ಕೊನೇವರೆಗಿನ ಉತ್ತರ) ತೆಗೆಯೋ ಬದಲು ಮೊದ್ಲು ಅದನ್ನ ನೋಡಿ. ಯಾರೂ ಬಿಡಿಸದ ಕ್ವಿಲ್ ಗೇಮಾದ್ರೆ ಕೊನೇ ಅಸ್ತ್ರ ಅನ್‌ಕ್ವಿಲ್ ಅನ್ನೋ ಟೂಲು, ಗೇಮ್ ಹೊಟ್ಟೆ ಸೀಳಿ ಅದರ ಪದಗಳು, ಮೆಸೇಜುಗಳು ಎಲ್ಲಾ ಹೊರಗೆ ಹಾಕುತ್ತೆ. ನಾನು ಮಾಡ್ಕೊಂಡಿರೋ ನಿಯಮ: ಎರಡು ವಾರ ಸಿಕ್ಕಿಹಾಕ್ಕೊಂಡ್ರೆ ಪದಗಳ ಪಟ್ಟಿ ಮಾತ್ರ ನೋಡ್ತೀನಿ, ಮೆಸೇಜ್ ನೋಡಲ್ಲ. ಅದು ಮೋಸನಾ ಅಂದ್ರೆ ಸ್ವಲ್ಪ ಹೌದು.

ಬಿಡಿಸಿ ಮುಗಿದ್ಮೇಲೆ ಕಮಾಂಡುಗಳನ್ನ ಕ್ರಮವಾಗಿ ಬರೆದು ಕಾಸಾಗೆ ಕಳಿಸಿ, ಯಾವ ಮಶೀನು, ಯಾವ ಫೈಲು ಅಂತಾನೂ ಹಾಕಿ, ಒಂದೇ ಗೇಮಿಗೆ ಬೇರೆ ಬೇರೆ ವರ್ಷನ್ ಇರುತ್ತೆ. ಕಳಿಸೋಕ್ ಮುಂಚೆ ಹೊಸದಾಗಿ ಗೇಮ್ ಹಾಕ್ಕೊಂಡು ನೀವೇ ಬರೆದಿದ್ದನ್ನ ನೋಡ್ಕೊಂಡು ಶುರುವಿಂದ ಒಂದ್ಸಲ ಆಡಿ. ನಾನು ಮೊದಲ ಸಲ ಹಂಗೆ ಚೆಕ್ ಮಾಡ್ದಾಗ ಹದಿನಾಲ್ಕನೇ ಕಮಾಂಡಿಗೆ ಸತ್ತೆ, ದೀಪ ಹಚ್ಚೋದನ್ನೇ ಬರೆದಿರಲಿಲ್ಲ.